ಬೂಸ್ಟರ್ ದಿನದ ನಾಲ್ಕು ಪ್ರಶ್ನೆಗಳು

(ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು, ಶಿಶುವಿಹಾರದ ಶಿಕ್ಷಕಿಯರು ಹಾಗೂ ಪೋಷಕರು ಸೇರಿದ್ದ ಸಭೆಯಲ್ಲಿ, ಮಕ್ಕಳಲ್ಲಿ ಆಟಿಸಂ ಅನ್ನು ಬೇಗ ಗುರುತಿಸುವ ಬಗ್ಗೆ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ವಾಕ್ ಚಿಕಿತ್ಸೆ ನನ್ನ ಕಸುಬು. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ನಮಸ್ಕಾರ. ವೇದಿಕೆಯ ಮೇಲಿರುವವರ ಹೆಸರನ್ನೆಲ್ಲ ಹೇಳುತ್ತ ನಿಂತರೆ ನನಗೆ ಕೊಟ್ಟಿರುವ ಸಮಯದ ಕಾಲುಭಾಗ ಮುಗಿದುಹೋಗುತ್ತದೆ. ಅವರ ಕ್ಷಮೆ ಕೇಳಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಿಮ್ಮಲ್ಲಿ ಅನೇಕರ ಚೀಲದಲ್ಲಿ ತಾಯಿ ಕಾರ್ಡ್ ಇದೆ. ಲಸಿಕೆಯ ಪುಟವನ್ನು ಒಮ್ಮೆ ತೆರೆಯಿರಿ. ಹುಟ್ಟಿದಾಗ ಬಿಸಿಜಿ, ಆಮೇಲೆ 6, 10 ಮತ್ತು 14ನೇ ವಾರದವು, ಒಂಬತ್ತು ತಿಂಗಳು ತುಂಬಿದಾಗ ದಡಾರ-ರುಬೆಲ್ಲಾದ ಮೊದಲ ಡೋಸ್. ಅಲ್ಲಿಂದ ಮುಂದೆ ಒಂದು ಬಿಡುವು. ಅದಾದ ಮೇಲಿನ ಸಾಲಿನಲ್ಲಿ 16ರಿಂದ 24 ತಿಂಗಳು ಎಂದಿದೆ: ಡಿಪಿಟಿ ಬೂಸ್ಟರ್, ಪೋಲಿಯೊ ಬೂಸ್ಟರ್, ದಡಾರ-ರುಬೆಲ್ಲಾದ ಎರಡನೇ ಡೋಸ್. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಈ ಒಂದು ಸಾಲಿನ ಬಗ್ಗೆ.

ಇತರರೊಂದಿಗೆ ಸಂಪರ್ಕ ಬೆಳೆಸುವುದನ್ನು ಮಗುವಿಗೆ ಕಷ್ಟವಾಗಿಸುವ ಆಟಿಸಂನ ಲಕ್ಷಣಗಳು ನೋಡುವವರ ಕಣ್ಣಿಗೆ ನಿಚ್ಚಳವಾಗಿ ಬೀಳತೊಡಗುವುದು ಇದೇ ವಯಸ್ಸಿನಲ್ಲಿ. ಅಮೆರಿಕದ ಮಕ್ಕಳ ವೈದ್ಯರ ಸಂಘ 18 ಮತ್ತು 24 ತಿಂಗಳಲ್ಲಿ ಪ್ರತಿಯೊಂದು ಮಗುವನ್ನೂ ಇದಕ್ಕಾಗಿ ತಪಾಸಣೆ ಮಾಡಿ ಎನ್ನುತ್ತದೆ. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿ ರೂಪುಗೊಂಡಿರುವುದು 16ರಿಂದ 30 ತಿಂಗಳ ಮಕ್ಕಳಿಗಾಗಿ. ನಮ್ಮಲ್ಲಿ ಆ ವಯಸ್ಸಿನ ಮಗುವನ್ನು ಹುಡುಕಿಕೊಂಡು ಹೋಗಬೇಕಾಗಿಯೇ ಇಲ್ಲ. ಅಮ್ಮನ ಸೊಂಟದ ಮೇಲೆ ಕುಳಿತು ಅದೇ ನಮ್ಮ ಬಳಿಗೆ ಬರುತ್ತದೆ. ನಾವು ಸೂಜಿ ಚುಚ್ಚುತ್ತೇವೆ, ಜ್ವರ ಬಂದರೆ ಇದನ್ನು ಹಾಕಿ ಎಂದು ಔಷಧಿ ಕೊಡುತ್ತೇವೆ, ಕಾರ್ಡಿನಲ್ಲಿ ದಿನಾಂಕ ಬರೆದು ಕಳಿಸಿಬಿಡುತ್ತೇವೆ. ಮುಂದಿನ ಲಸಿಕೆ ಐದು ವರ್ಷಕ್ಕೆ.

ಉಳಿದ ವ್ಯವಸ್ಥೆ ಏನಾಗಿದೆ ನೋಡಿ. ಆಶಾ ಕಾರ್ಯಕರ್ತೆ ಎಳೆಯ ಮಗುವಿನ ಮನೆಗೆ ಹೋಗುವ ಕಾರ್ಯಕ್ರಮ 2018ರಲ್ಲಿ ಶುರುವಾಯಿತು. 3, 6, 9, 12 ಮತ್ತು 15ನೇ ತಿಂಗಳಲ್ಲಿ ಭೇಟಿ. ಹದಿನೈದಕ್ಕೆ ನಿಂತಿತು. ಅಂದರೆ ನೋಡಲೇಬೇಕಾದ್ದು ಕಾಣಿಸುವ ಹೊತ್ತಿಗೆ ನಮ್ಮ ಕಾಲು ಆ ಮನೆಯ ಹೊಸ್ತಿಲು ದಾಟುವುದನ್ನು ಬಿಟ್ಟಿರುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡ, ನೀವೆಲ್ಲ ಆರ್‌ಬಿಎಸ್‌ಕೆ ಎನ್ನುವುದು, 2013ರಿಂದ ಇದೆ. ಅದು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುತ್ತದೆ. ಒಳ್ಳೆಯದೇ. ಆದರೆ ಅಂಗನವಾಡಿಯಲ್ಲಿ ಕುಳಿತಿರುವವರು ಮೂರು ವರ್ಷ ದಾಟಿದ ಮಕ್ಕಳು. ಎರಡು ವರ್ಷದ ಮಗುವಿನ ಪಾಲಿನ ಆಹಾರದ ಪೊಟ್ಟಣವನ್ನು ಅದರ ಅಜ್ಜಿ ಬಂದು ಒಯ್ಯುತ್ತಾಳೆ. ನೀವು ಮುಂಚಿತವಾಗಿ ಹೇಳಿ ಕರೆಸಿಕೊಳ್ಳದಿದ್ದರೆ ಆ ಮಗು ತಂಡದ ಕಣ್ಣಿಗೆ ಬೀಳುವುದೇ ಇಲ್ಲ.

ಆದ್ದರಿಂದ ಬೂಸ್ಟರ್ ಹಾಕುವ ದಿನ ನಾಲ್ಕು ಪ್ರಶ್ನೆ ಕೇಳಿ ಎನ್ನುತ್ತೇನೆ. ಇವು ಎಂ-ಚಾಟ್‌ಗೆ ಬದಲಿಯಲ್ಲ. ಸಾಲಿನಲ್ಲಿ ನಲವತ್ತು ತಾಯಂದಿರು ನಿಂತಿರುವಾಗ ಇಪ್ಪತ್ತು ಪ್ರಶ್ನೆ ಕೇಳುವುದು ಆಗದ ಮಾತು ಎಂದು ನನಗೂ ಗೊತ್ತು. ನಾಲ್ಕನ್ನು ಕೇಳಬಹುದು.

ಒಂದು, ಹೆಸರು ಹಿಡಿದು ಕರೆದರೆ ಮಗು ತಿರುಗಿ ನೋಡುತ್ತದೆಯೇ? ಬಿಸ್ಕತ್ತಿನ ಪೊಟ್ಟಣದ ಸದ್ದಿಗೆ ತಿರುಗುವುದು ಬೇರೆ, ತನ್ನ ಹೆಸರಿಗೆ ತಿರುಗುವುದು ಬೇರೆ. ಮೊಬೈಲ್‌ನಲ್ಲಿ ಇಷ್ಟದ ಹಾಡು ಶುರುವಾದ ಕೂಡಲೇ ಒಳಮನೆಯಿಂದ ಓಡಿ ಬರುವ ಮಗು, ಪಕ್ಕದಲ್ಲೇ ನಿಂತು ಹತ್ತು ಸಲ ಕರೆದರೂ ಅಲುಗುವುದಿಲ್ಲ ಎಂದರೆ ಅದನ್ನು ಬರೆದುಕೊಳ್ಳಿ.

ಎರಡು, ಬೆರಳು ಮಾಡಿ ತೋರಿಸುತ್ತದೆಯೇ? ಇಲ್ಲಿ ಸ್ವಲ್ಪ ನಿಲ್ಲಬೇಕು. ಬೇಕು ಎಂದು ತೋರಿಸುವುದು ಒಂದು. ನೋಡು ಎಂದು ತೋರಿಸುವುದು ಇನ್ನೊಂದು. ಗೂಡಿನಲ್ಲಿರುವ ಚೆಂಡು ಬೇಕೆಂದು ಕೈ ಚಾಚುವುದು ಕೆಲಸ ಮಾಡಿಸಿಕೊಳ್ಳುವ ದಾರಿ. ಆದರೆ ಬೀದಿಯಲ್ಲಿ ದನ ಹೋಗುವುದನ್ನು ಕಂಡು, ಬೆರಳು ಮಾಡಿ, ತಕ್ಷಣ ತಿರುಗಿ ಅಮ್ಮನ ಮುಖ ನೋಡುವುದಿದೆಯಲ್ಲ, ಅದರಿಂದ ಮಗುವಿಗೆ ಸಿಗುವ ವಸ್ತು ಏನೂ ಇಲ್ಲ. ನಾನು ಕಂಡದ್ದನ್ನು ನೀನೂ ಕಾಣು ಎಂಬ ಆಸೆ ಅಷ್ಟೇ. ಭಾಷೆ ಮೊಳೆಯುವುದು ಈ ಆಸೆಯಿಂದ. ಮಾತು ತಡವಾದ ಮಕ್ಕಳೆಲ್ಲರಿಗೂ ಆಟಿಸಂ ಇರುವುದಿಲ್ಲ. ಮಾತು ಇನ್ನೂ ಬಾರದ ಮಗು ದಿನವಿಡೀ ಬೆರಳು ಮಾಡಿ ತೋರಿಸುತ್ತ, ಕೈ ಬಾಯಿ ಆಡಿಸುತ್ತ ಮನೆಮಂದಿಯನ್ನೆಲ್ಲ ಕುಣಿಸುತ್ತಿದ್ದರೆ ನನಗೆ ಅಷ್ಟು ಚಿಂತೆಯಿಲ್ಲ. ಬೆರಳು ಮಾಡದೆ, ಅಮ್ಮನ ಮುಂಗೈ ಹಿಡಿದು ಎಳೆದೊಯ್ದು, ಮುಖವನ್ನೊಮ್ಮೆಯೂ ನೋಡದೆ ಆ ಕೈಯನ್ನು ಬಾಗಿಲ ಚಿಲಕದ ಮೇಲೆ ಇಡುವ ಮಗುವಿನ ಬಗ್ಗೆ ಚಿಂತೆಯಿದೆ.

ಮೂರು, ನೀವು ದೂರದಲ್ಲಿರುವ ಏನನ್ನಾದರೂ ತೋರಿಸಿದರೆ ಮಗು ಆ ಕಡೆ ನೋಡುತ್ತದೆಯೇ? ಚಂದಮಾಮನನ್ನು ತೋರಿಸಿ ತುತ್ತು ಕೊಡುವ ನಾಡು ನಮ್ಮದು. ಈ ಪರೀಕ್ಷೆ ಪ್ರತಿ ಮನೆಯಲ್ಲೂ ದಿನಾ ನಡೆಯುತ್ತದೆ. ಫಲಿತಾಂಶವನ್ನು ಯಾರೂ ಕೇಳುವುದಿಲ್ಲ, ಅಷ್ಟೇ.

ನಾಲ್ಕು, ಬಂದಿದ್ದು ಏನಾದರೂ ನಿಂತುಹೋಗಿದೆಯೇ? ಒಂದು ವರ್ಷಕ್ಕೆ ಅಮ್ಮ, ಅತ್ತೆ, ಕಾಕಾ ಎನ್ನುತ್ತಿತ್ತು, ಟಾಟಾ ಮಾಡುತ್ತಿತ್ತು, ಈಗ ಇಲ್ಲ ಎಂದು ತಾಯಿ ಹೇಳಿದರೆ ಆ ಮಗುವನ್ನು ಅದೇ ವಾರ ಮುಂದಕ್ಕೆ ಕಳಿಸಿ. ಮುಂದಿನ ತಿಂಗಳು ನೋಡೋಣ ಎನ್ನುವುದು ಬೇಡ.

ನನ್ನ ಬಳಿ ಬರುವ ತಾಯಂದಿರನ್ನು ನಿಮಗೆ ಮೊದಲು ಅನುಮಾನ ಬಂದದ್ದು ಯಾವಾಗ ಎಂದು ಕೇಳುತ್ತೇನೆ. ಹೆಚ್ಚಿನವರು ಒಂದೂವರೆ ವರ್ಷದ ಆಸುಪಾಸು ಎನ್ನುತ್ತಾರೆ. ನನ್ನೆದುರು ಕುಳಿತಿರುವಾಗ ಮಗುವಿಗೆ ಮೂರೂವರೆಯೋ ನಾಲ್ಕೋ ಆಗಿರುತ್ತದೆ. ನಡುವಿನ ಎರಡು ವರ್ಷ ಎಲ್ಲಿಗೆ ಹೋಯಿತು? ಗಂಡುಮಕ್ಕಳಿಗೆ ಮಾತು ತಡ ಎಂದು ಅತ್ತೆ ಹೇಳಿದರು. ಇವರ ದೊಡ್ಡಪ್ಪನೂ ನಾಲ್ಕು ವರ್ಷದವರೆಗೆ ಮಾತಾಡಿರಲಿಲ್ಲ, ಈಗ ಬ್ಯಾಂಕಿನಲ್ಲಿ ಮ್ಯಾನೇಜರ್ ಎಂದು ಮಾವ ಹೇಳಿದರು. ಜೇನುತುಪ್ಪದಲ್ಲಿ ಬಜೆ ತೇಯ್ದು ನಾಲಿಗೆಗೆ ಹಚ್ಚಿದರು. ದೇವರಿಗೆ ಗಂಟೆ ಕಟ್ಟುವ ಹರಕೆ ಹೊತ್ತರು. ಇದರ ಮೇಲೆ, ಹೇಳಲು ನನಗೆ ಸಂಕೋಚವಾಗುತ್ತದೆ, ಡಾಕ್ಟರೊಬ್ಬರೂ ಶಾಲೆಗೆ ಸೇರಿಸಿ, ನಾಲ್ಕು ಮಕ್ಕಳ ಜೊತೆ ಕೂಡಿದರೆ ಸರಿಹೋಗುತ್ತದೆ ಎಂದು ಬೆನ್ನು ತಟ್ಟಿ ಕಳಿಸಿದರು. ಹರಕೆಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ, ಹೊತ್ತುಕೊಳ್ಳಿ. ಹರಕೆ ತೀರಿಸಲು ಹೊರಡುವ ಮುಂಚೆ ಜಿಲ್ಲಾಸ್ಪತ್ರೆಗೆ ಹೋಗಿ ಬನ್ನಿ.

ಬೇಗ ನೆರವಾಗಬೇಕು ಎಂದು ನಾವು ಭಾಷಣ ಮಾಡುವಾಗ ಮಗುವಿನ ವಯಸ್ಸನ್ನು ಮಾತ್ರ ಲೆಕ್ಕ ಹಾಕುತ್ತೇವೆ. ನಾನು ಅಳೆಯುವುದು ಬೇರೊಂದನ್ನು: ತಾಯಿಗೆ ಅನುಮಾನ ಬಂದ ದಿನಕ್ಕೂ ಆಕೆಯ ಕೈಗೆ ಮೊದಲ ನೆರವು ಸಿಕ್ಕ ದಿನಕ್ಕೂ ನಡುವಿನ ಅಂತರ. ಆಕೆ ತಡ ಮಾಡುವುದು ಕಡಿಮೆ. ತಡ ಮಾಡಿಸುವವರು ನಾವು, ಸುತ್ತಲಿನವರು.

ಇನ್ನೊಂದು ತಡವಿದೆ, ಅದು ಓದಿದವರ ಮನೆಗಳಲ್ಲಿ ಹೆಚ್ಚು. ಕಾಯಿಲೆ ಯಾವುದು ಎಂದು ಖಚಿತವಾಗಲಿ, ಆಮೇಲೆ ಶುರು ಮಾಡೋಣ ಎಂಬುದು. ದೊಡ್ಡ ಆಸ್ಪತ್ರೆಯಲ್ಲಿ ಸರದಿಗೆ ಹೆಸರು ಬರೆಸಿ ತಿಂಗಳುಗಟ್ಟಲೆ ಕಾಯುತ್ತಾರೆ. ಕೊನೆಗೆ ಆಟಿಸಂ ಎಂದೇ ತೀರ್ಮಾನವಾಗಲಿ, ಬರಿಯ ಭಾಷಾ ವಿಳಂಬ ಎಂದಾಗಲಿ, ಮೊದಲ ಮೂರು ತಿಂಗಳು ತಾಯಿ ತಂದೆ ಮನೆಯಲ್ಲಿ ಮಾಡಬೇಕಾದದ್ದು ಬಹುಮಟ್ಟಿಗೆ ಒಂದೇ. ಎಂ-ಚಾಟ್‌ನ ಪರಿಷ್ಕೃತ ರೂಪದ ಮೇಲಿನ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಮೊದಲು ಪಟ್ಟಿಯ ಪ್ರಶ್ನೆ, ಆಮೇಲೆ ಪೋಷಕರನ್ನು ಮತ್ತೊಮ್ಮೆ ವಿವರವಾಗಿ ಕೇಳುವುದು, ಹೀಗೆ ಎರಡೂ ಸುತ್ತಿನ ಬಳಿಕವೂ ಸಂಶಯ ಉಳಿದ ಮಕ್ಕಳಲ್ಲಿ ಆಟಿಸಂ ಎಂದು ಖಚಿತವಾದದ್ದು ಸುಮಾರು ಅರ್ಧದಷ್ಟು ಮಂದಿಗೆ. ಹಾಗಾದರೆ ಉಳಿದರ್ಧ ಸುಳ್ಳು ಗಾಬರಿಯೇ? ಅಲ್ಲ. ಸಂಶಯ ಉಳಿದಿದ್ದ ಒಟ್ಟು ಮಕ್ಕಳಲ್ಲಿ ನೂರಕ್ಕೆ ತೊಂಬತ್ತೈದು ಮಂದಿಗೆ ಬೆಳವಣಿಗೆಯಲ್ಲಿ ಒಂದಲ್ಲ ಒಂದು ತೊಡಕು ಇದ್ದೇ ಇತ್ತು. ಬೇಗ ಕಳಿಸಿದ್ದು ದಂಡವಾಗಲಿಲ್ಲ. ಹೆಸರು ಬರುವಾಗ ಬರಲಿ, ಕೆಲಸ ಶುರುವಾಗಲಿ.

ಒಂದನ್ನು ಮಾತ್ರ ಮೊದಲು ಮಾಡಿಸಲೇಬೇಕು: ಶ್ರವಣ ಪರೀಕ್ಷೆ. ಕರೆದರೆ ತಿರುಗದ ಮಗುವಿಗೆ ಕಿವಿಯೇ ಕೇಳಿಸದಿರಬಹುದು. ತಟ್ಟೆ ಬಡಿದು ನೋಡಿದೆವು, ಕೇಳಿಸುತ್ತದೆ ಎಂದು ಮನೆಯವರು ಹೇಳುವುದು ಸಾಲದು. ನಿದ್ದೆಯಲ್ಲಿರುವ ಮಗುವಿನ ತಲೆಗೆ ತಂತಿ ಅಂಟಿಸಿ ಮಾಡುವ ಬೆರಾ ಪರೀಕ್ಷೆ ನೋವಿಲ್ಲದ್ದು.

ಆಟಿಸಂ ಎಂದರೇನು ಎಂಬುದನ್ನು ಈಗಲಾದರೂ ಎರಡು ಮಾತಿನಲ್ಲಿ ಹೇಳಬೇಕು. ಮಿದುಳು ಬೆಳೆಯುವ ಬಗೆಯಲ್ಲೇ ಇರುವ ಭಿನ್ನತೆ ಅದು. ಇತರರೊಂದಿಗೆ ಸಂಪರ್ಕ ಬೆಳೆಸುವುದು ಕಷ್ಟ. ಜೊತೆಗೆ ಒಂದೇ ಬಗೆಯ ಆಟ, ಚಲನೆ, ಕ್ರಮಗಳಿಗೆ ಅಂಟಿಕೊಳ್ಳುವುದು, ಸದ್ದು, ಸ್ಪರ್ಶ, ರುಚಿಗಳಿಗೆ ಅತಿಯಾಗಿ ಅಥವಾ ತೀರಾ ಕಡಿಮೆಯಾಗಿ ಸ್ಪಂದಿಸುವುದು. ಕುಕ್ಕರ್ ಸೀಟಿಗೆ ಕಿವಿ ಮುಚ್ಚಿ ಕಿರುಚುವುದು, ಮಗುಚಿಟ್ಟ ಸೈಕಲ್‌ನ ಚಕ್ರವನ್ನೇ ತಿರುಗಿಸುತ್ತ ಗಂಟೆಗಟ್ಟಲೆ ಕೂರುವುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2021ರಲ್ಲಿ ಜಗತ್ತಿನ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಗಂಡುಮಕ್ಕಳಲ್ಲಿ ಹೆಚ್ಚಾಗಿ ಗುರುತಿಸಲ್ಪಡುತ್ತದೆ. ಹೆಣ್ಣುಮಕ್ಕಳಲ್ಲಿ ತಪ್ಪಿಹೋಗುವುದೂ ಹೆಚ್ಚು, ಏಕೆಂದರೆ ಮೂಲೆಯಲ್ಲಿ ಸುಮ್ಮನೆ ಕುಳಿತ ಹೆಣ್ಣುಮಗುವನ್ನು ಎಷ್ಟು ಸಾಧು ಎಂದು ಹೊಗಳುವ ಜನ ನಾವು.

ಇದಕ್ಕೆ ತಾಯಿ ಕಾರಣಳಲ್ಲ. ಇದನ್ನು ಇಲ್ಲಿ ಗಟ್ಟಿಯಾಗಿಯೇ ಹೇಳುತ್ತೇನೆ, ಹಿಂದಿನ ಸಾಲಿನಲ್ಲಿ ಕುಳಿತಿರುವ ಗಂಡಸರಿಗೂ ಕೇಳಿಸಲಿ. 1943ರಲ್ಲಿ ಲಿಯೋ ಕ್ಯಾನರ್ ಎಂಬ ಮನೋವೈದ್ಯ ಅಮೆರಿಕದ ಬಾಲ್ಟಿಮೋರ್‌ನಲ್ಲಿ 11 ಮಕ್ಕಳನ್ನು ಕುರಿತು ಬರೆದ ಪ್ರಬಂಧದಿಂದ ಈ ಸ್ಥಿತಿ ವೈದ್ಯಲೋಕದ ಗಮನಕ್ಕೆ ಬಂತು. ಇದು ಹುಟ್ಟಿನಿಂದ ಬಂದದ್ದು ಎಂದು ಅವನೇ ಬರೆದ. ಜೊತೆಗೆ ಆ ತಂದೆತಾಯಿಯರಲ್ಲಿ ಅಕ್ಕರೆ ಕಡಿಮೆ ಎಂದೂ ಬರೆದ. ಜನ ಹಿಡಿದುಕೊಂಡದ್ದು ಎರಡನೆಯದನ್ನು. ತಣ್ಣನೆಯ ತಾಯಿಯೇ ಇದಕ್ಕೆ ಕಾರಣ ಎಂಬ ಸಿದ್ಧಾಂತ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಮೆರೆಯಿತು. ಅದನ್ನು ಮುರಿಯಲು ಮೊದಲು ನಿಂತವರಲ್ಲಿ ಬರ್ನಾರ್ಡ್ ರಿಮ್ಲ್ಯಾಂಡ್ ಒಬ್ಬ. ಮನಶ್ಶಾಸ್ತ್ರಜ್ಞ, ಆಟಿಸಂ ಇರುವ ಮಗನ ತಂದೆ. 1977ರಲ್ಲಿ ಬ್ರಿಟನ್ನಿನಲ್ಲಿ 21 ಅವಳಿಜೋಡಿಗಳ ಅಧ್ಯಯನ ನಡೆದ ಮೇಲೆ ಆನುವಂಶಿಕತೆಯ ಪಾತ್ರ ಎಷ್ಟು ದೊಡ್ಡದು ಎಂಬುದು ತಿಳಿಯಿತು. ನಮ್ಮಲ್ಲಿ ಈಗ ಅದೇ ಆರೋಪ ಹೊಸ ಬಟ್ಟೆ ತೊಟ್ಟು ಬಂದಿದೆ: ಕೆಲಸಕ್ಕೆ ಹೋಗುವ ತಾಯಿ, ಮೊಬೈಲ್ ಕೊಟ್ಟು ಕೂರಿಸಿದ ತಾಯಿ. ಮೊಬೈಲ್ ಎರಡು ವರ್ಷದೊಳಗಿನ ಮಗುವಿಗೆ ಬೇಡವೇ ಬೇಡ, ನಮ್ಮ ಮಕ್ಕಳ ವೈದ್ಯರ ಸಂಘವೂ ಅದನ್ನೇ ಹೇಳುತ್ತದೆ. ಅದು ಮುಖ ಮುಖ ನೋಡಿ ಆಡುವ ಹೊತ್ತನ್ನು ತಿಂದುಹಾಕುತ್ತದೆ. ಆದರೆ ಮೊಬೈಲಿನಿಂದ ಆಟಿಸಂ ಬಂತು ಎಂದು ಒಬ್ಬಳು ತಾಯಿಯನ್ನು ಮನೆಮಂದಿಯೆಲ್ಲ ಸುತ್ತುವರಿದು ವಿಚಾರಣೆ ಮಾಡುವುದಕ್ಕೆ ಆಧಾರವಿಲ್ಲ.

ಲಸಿಕೆಯಿಂದಲೂ ಬರುವುದಿಲ್ಲ. ಬೂಸ್ಟರ್ ದಿನದ ಬಗ್ಗೆಯೇ ಮಾತಾಡುತ್ತಿರುವುದರಿಂದ ಇದನ್ನು ಬಿಡುವಂತಿಲ್ಲ. 1998ರಲ್ಲಿ ಬ್ರಿಟನ್ನಿನ ವೇಕ್‌ಫೀಲ್ಡ್ ಎಂಬ ವೈದ್ಯ 12 ಮಕ್ಕಳನ್ನು ಮುಂದಿಟ್ಟುಕೊಂಡು ಲ್ಯಾನ್ಸೆಟ್ ಪತ್ರಿಕೆಯಲ್ಲಿ ದಡಾರ ಲಸಿಕೆಯ ಮೇಲೆ ಅನುಮಾನ ಹುಟ್ಟಿಸಿದ. 2010ರಲ್ಲಿ ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡಿತು, ಅವನ ಹೆಸರನ್ನು ವೈದ್ಯರ ಪಟ್ಟಿಯಿಂದಲೇ ತೆಗೆದುಹಾಕಲಾಯಿತು. ಡೆನ್ಮಾರ್ಕ್‌ನಲ್ಲಿ ಆರೂವರೆ ಲಕ್ಷ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಯಾವ ಸಂಬಂಧವೂ ಸಿಗಲಿಲ್ಲ. ಲಸಿಕೆಯ ವಯಸ್ಸೂ ಲಕ್ಷಣ ಕಾಣಿಸುವ ವಯಸ್ಸೂ ಒಂದೇ ಆಗಿರುವುದರಿಂದ ತಾಯಿಗೆ ಹಾಗೆ ಅನ್ನಿಸುತ್ತದೆ. ಆ ಕಾಕತಾಳೀಯವನ್ನೇ ನಮ್ಮ ಅನುಕೂಲಕ್ಕೆ ಬಳಸಿಕೊಳ್ಳೋಣ ಎಂಬುದು ನನ್ನ ವಾದ.

ಇನ್ನು ಗುರುತಿಸಿದ ಮೇಲೆ ಏನು ಮಾಡುವುದು? ಪೋಷಕರು ನನ್ನನ್ನು ಮೊದಲು ಕೇಳುವುದು ವಾರಕ್ಕೆ ಎಷ್ಟು ಗಂಟೆ ಥೆರಪಿ ಎಂದು. ಯಾರೋ ನಲವತ್ತು ಗಂಟೆ ಎಂದಿರುತ್ತಾರೆ. ಆ ನಲವತ್ತು ಎಲ್ಲಿಂದ ಬಂತು ಎಂದು ತಿಳಿದಿರುವುದು ಒಳ್ಳೆಯದು. ಕ್ಯಾಲಿಫೋರ್ನಿಯಾದಲ್ಲಿ ಇವಾರ್ ಲೋವಾಸ್ ಎಂಬ ಮನಶ್ಶಾಸ್ತ್ರಜ್ಞ 1987ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ. ವಾರಕ್ಕೆ 40 ಗಂಟೆ, ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ಶಾಲೆಯ ಒಂದನೇ ತರಗತಿಯನ್ನು ಯಶಸ್ವಿಯಾಗಿ ಮುಗಿಸಿದರು ಎಂದ. ಏನೂ ಆಗದು ಎಂದು ಕೈಚೆಲ್ಲಿದ್ದ ಕಾಲದಲ್ಲಿ ಅದು ದೊಡ್ಡ ಸುದ್ದಿ. ಆದರೆ ಮಕ್ಕಳನ್ನು ಚೀಟಿ ಎತ್ತಿ ಗುಂಪುಗಳಿಗೆ ಹಂಚಿದ ಪ್ರಯೋಗವಲ್ಲ ಅದು. ಅವನ ವಿಧಾನದಲ್ಲಿ ಗದರಿಕೆಯೂ ಏಟೂ ಇದ್ದವು. ಇಂದು ಬೆಳೆದು ದೊಡ್ಡವರಾಗಿರುವ ಆಟಿಸಂ ಇರುವ ವ್ಯಕ್ತಿಗಳೇ ಅಂಥ ತರಬೇತಿಯ ಬಗ್ಗೆ ಕಹಿಯಾಗಿ ಬರೆಯುತ್ತಿದ್ದಾರೆ. ಕಣ್ಣಿಗೆ ಕಣ್ಣಿಟ್ಟು ನೋಡು ಎಂದು ಗಲ್ಲ ಹಿಡಿದು ತಿರುಗಿಸುತ್ತಿದ್ದದ್ದನ್ನು ಅವರು ಮರೆತಿಲ್ಲ. ನಾವು ಅವರ ಮಾತನ್ನು ಕೇಳಿಸಿಕೊಳ್ಳಬೇಕು. ಮಗು ಇತರರಂತೆ ಕಾಣಬೇಕು ಎಂಬುದು ನೆರವಿನ ಗುರಿಯಲ್ಲ. ತನಗೆ ಬೇಕಾದದ್ದನ್ನು, ಬೇಡವಾದದ್ದನ್ನು, ನೋವನ್ನು ತಿಳಿಸುವ ದಾರಿ ಅದಕ್ಕೆ ಸಿಗಬೇಕು.

ಗಂಟೆಯ ಲೆಕ್ಕವೂ ಈಗ ಅಲುಗಾಡಿದೆ. ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ತೂಗಿ 2024ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಗಂಟೆ ಹೆಚ್ಚಿದಷ್ಟೂ ಫಲ ಹೆಚ್ಚುತ್ತದೆ ಎಂಬುದಕ್ಕೆ ಗಟ್ಟಿಯಾದ ಪುರಾವೆ ಸಿಗಲಿಲ್ಲ. ಸಾಲ ಮಾಡಿ, ಊರು ಬಿಟ್ಟು, ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿದು ಬೆಳಗಿನಿಂದ ಸಂಜೆಯವರೆಗೆ ಮಗುವನ್ನು ಒಂದು ಕೇಂದ್ರದಿಂದ ಇನ್ನೊಂದಕ್ಕೆ ಒಯ್ಯುವ ಕುಟುಂಬಗಳು ಇದನ್ನು ಕೇಳಬೇಕು.

ನನಗೆ ಹೆಚ್ಚು ಭರವಸೆ ಹುಟ್ಟಿಸಿದ್ದು ಬೇರೊಂದು ಸಾಲಿನ ಕೆಲಸ. ಬ್ರಿಟನ್ನಿನಲ್ಲಿ 152 ಮಕ್ಕಳೊಂದಿಗೆ ಪ್ಯಾಕ್ಟ್ ಎಂಬ ಪ್ರಯೋಗ ನಡೆಯಿತು. ಅಲ್ಲಿ ತಜ್ಞರು ಕೆಲಸ ಮಾಡಿದ್ದು ತಂದೆತಾಯಿಯರೊಂದಿಗೆ. ತಾಯಿ ಮಗುವಿನೊಂದಿಗೆ ಆಡುವುದನ್ನು ವಿಡಿಯೊ ಮಾಡಿ, ಆಕೆಯ ಜೊತೆ ಕುಳಿತು ನೋಡಿ, ಇಲ್ಲಿ ಮಗು ನಿಮ್ಮ ಕಡೆ ತಿರುಗಿತು, ನೀವು ಆಗ ಏನು ಮಾಡಿದಿರಿ ಎಂದು ತೋರಿಸುತ್ತ ಹೋಗುವುದು. 2010ರಲ್ಲಿ ಬಂದ ಮೊದಲ ಫಲಿತಾಂಶ ಸಾಧಾರಣವಾಗಿತ್ತು. ಆರು ವರ್ಷದಷ್ಟು ಕಳೆದ ಮೇಲೆ ಅದೇ ಮಕ್ಕಳನ್ನು ಮತ್ತೆ ನೋಡಿದಾಗ ಲಕ್ಷಣಗಳ ತೀವ್ರತೆ ಕಡಿಮೆಯಾಗಿರುವುದು ಕಂಡಿತು. ಇದೇ ವಿಧಾನವನ್ನು ನಮ್ಮ ಗೋವಾದಲ್ಲೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲೂ 65 ಮಕ್ಕಳ ಕುಟುಂಬಗಳೊಂದಿಗೆ ಪ್ರಯೋಗಿಸಿ 2016ರಲ್ಲಿ ವರದಿ ಮಾಡಿದರು. ಅಲ್ಲಿ ಪೋಷಕರಿಗೆ ಕಲಿಸಿದವರು ತಜ್ಞರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು. ನಿಮ್ಮಂಥವರು. ಆರು ತಿಂಗಳಲ್ಲಿ ಹನ್ನೆರಡು ಸಲ ಕೂತದ್ದಕ್ಕೆ ಪೋಷಕರು ಮಗುವಿಗೆ ಸ್ಪಂದಿಸುವ ರೀತಿ ಬದಲಾಯಿತು, ಮಗು ತಾನಾಗಿ ಸಂಪರ್ಕಕ್ಕೆ ಮುಂದಾಗುವುದು ಹೆಚ್ಚಿತು. ಎಲ್ಲವೂ ಸುಧಾರಿಸಿತು ಎನ್ನುವಂತಿಲ್ಲ. ಇಬ್ಬರೂ ಒಂದೇ ವಸ್ತುವಿನ ಮೇಲೆ ಗಮನವಿಡುವ ಸಮಯ ಕಡಿಮೆಯೇ ಆಗಿತ್ತು. ಆದರೂ ನನಗೆ ಇದು ಮುಖ್ಯವೆನಿಸುತ್ತದೆ, ಏಕೆಂದರೆ ನಮ್ಮ ತಾಲ್ಲೂಕಿಗೆ ಸಾಕಾಗುವಷ್ಟು ವಾಕ್ ಚಿಕಿತ್ಸಕರು ನಾನು ನಿವೃತ್ತಳಾಗುವುದರೊಳಗೆ ಬರುವುದಿಲ್ಲ.

ಹಾಗಾದರೆ ಮನೆಯಲ್ಲಿ ಮಾಡುವುದೇನು? ಮಗು ನೆಲದ ಮೇಲಿದ್ದರೆ ನೀವೂ ನೆಲಕ್ಕಿಳಿಯಿರಿ, ಅದರ ಮುಖದ ಮಟ್ಟಕ್ಕೆ. ಅದು ಲೋಟವನ್ನು ಉರುಳಿಸುತ್ತಿದೆಯೇ? ಕಸಿದುಕೊಂಡು ಬಣ್ಣದ ಪುಸ್ತಕ ಕೊಡಬೇಡಿ. ನೀವೂ ಇನ್ನೊಂದು ಲೋಟ ತಂದು ಉರುಳಿಸಿ. ಸ್ವಲ್ಪ ಹೊತ್ತಿಗೆ ಅದು ನಿಮ್ಮ ಲೋಟವನ್ನು ನೋಡುತ್ತದೆ, ಆಮೇಲೆ ನಿಮ್ಮನ್ನು. ನಾವು ಮಕ್ಕಳನ್ನು ಪ್ರಶ್ನೆಗಳಿಂದಲೇ ಸಾಯಿಸುತ್ತೇವೆ: ಇದೇನು, ಇದೇನು ಬಣ್ಣ, ಆಂಟಿಗೆ ಹೇಳು, ಹೇಳು. ಪ್ರಶ್ನೆ ನಿಲ್ಲಿಸಿ, ಕಾಣುವುದನ್ನು ಎರಡು ಪದದಲ್ಲಿ ಹೇಳಿ. ಲೋಟ ಬಿತ್ತು. ನೀರು ಬಂತು. ಹೇಳಿದ ಮೇಲೆ ಸುಮ್ಮನಿರಿ. ಮನಸ್ಸಿನಲ್ಲೇ ಹತ್ತು ಎಣಿಸಿ. ಈ ಹತ್ತು ಎಣಿಸುವುದನ್ನು ಕಲಿಸುವುದೇ ನನ್ನ ಕೆಲಸದಲ್ಲಿ ಅತ್ಯಂತ ಕಷ್ಟದ ಭಾಗ, ಮಗುವಿಗಲ್ಲ, ದೊಡ್ಡವರಿಗೆ.

ಅಜ್ಜಿಯರಿಗೆ ಒಂದು ಮಾತು. ನಮ್ಮ ಮನೆಗಳಲ್ಲಿ ಮಗು ಕೇಳುವ ಮೊದಲೇ ಎಲ್ಲವೂ ಬಾಯಿಗೆ ಬರುತ್ತದೆ. ಪ್ರೀತಿಯೇ, ಸಂದೇಹವಿಲ್ಲ. ಆದರೆ ಕೇಳುವ ಅಗತ್ಯವೇ ಬಾರದ ಮಗು ಕೇಳುವುದನ್ನು ಹೇಗೆ ಕಲಿಯಬೇಕು? ಮಂಡಕ್ಕಿಯನ್ನು ತಟ್ಟೆ ತುಂಬ ಕೊಡಬೇಡಿ, ನಾಲ್ಕು ಕಾಳು ಕೊಡಿ, ಡಬ್ಬ ಕೈಯಲ್ಲೇ ಇರಲಿ, ಕಾಯಿರಿ. ಅದು ಕೈ ಚಾಚಲಿ, ನಿಮ್ಮನ್ನು ನೋಡಲಿ, ಒಂದು ಸದ್ದು ಮಾಡಲಿ. ಅಷ್ಟಾದರೆ ಸಾಕು, ಬೇಕಾ, ಬೇಕು ಎಂದು ನೀವೇ ಹೇಳಿ ಕೊಟ್ಟುಬಿಡಿ. ಹಸಿದ ಮಗುವನ್ನು ಅಳಿಸಿ ಮಾತು ತರಿಸಿ ಎಂದು ನಾನು ಹೇಳುತ್ತಿಲ್ಲ. ಸ್ನಾನ ಮಾಡಿಸುವಾಗ ಮೂರು ಚೊಂಬು ನೀರು ಹೊಯ್ದು ನಾಲ್ಕನೆಯದನ್ನು ಎತ್ತಿ ಹಿಡಿದು ನಿಲ್ಲಿಸಿ. ಜೋಕಾಲಿ ತೂಗಿ ತಡೆದು ಹಿಡಿಯಿರಿ. ಹೀಗೆ ದಿನಕ್ಕೆ ಐದು ಹತ್ತು ನಿಮಿಷಗಳ ತುಣುಕುಗಳು, ಎಣ್ಣೆ ಹಚ್ಚುವಾಗ, ಉಣಿಸುವಾಗ, ಬಟ್ಟೆ ಒಣಗಹಾಕುವಾಗ. ಬೇರೆ ಸಮಯ ಬೇಕಿಲ್ಲ, ಪೇಟೆಯಿಂದ ತಂದ ಆಟಿಕೆಯೂ ಬೇಕಿಲ್ಲ. ಗಾಡಿಯಲ್ಲಿ ಹೋಗುವಾಗ ತಂದೆಯೂ ಇದನ್ನು ಮಾಡಬಹುದು, ಗೇರ್ ಹಾಕುವ ಮುಂಚೆ ಒಂದು ಕ್ಷಣ ನಿಂತು.

ಕೆಲವು ಮಕ್ಕಳಿಗೆ ಮಾತು ಪ್ರತಿಧ್ವನಿಯಾಗಿ ಬರುತ್ತದೆ. ನೀರಡಿಸಿದ ಮಗು ಬಂದು ನಿಮ್ಮನ್ನೇ, ನಿನಗೆ ನೀರು ಬೇಕಾ ಎಂದು ಕೇಳುತ್ತದೆ. ಮನೆಯವರು ನಗುತ್ತಾರೆ ಅಥವಾ ಗದರುತ್ತಾರೆ. ನೀರಿನ ಜೊತೆ ಕೇಳಿಸಿಕೊಂಡ ಮಾತನ್ನು ಇಡಿಯಾಗಿ ಎತ್ತಿ ಮರಳಿ ಕೊಡುತ್ತಿದೆ, ಅದು ಸಂವಹನವೇ. ನನಗೆ ನೀರು ಬೇಕು ಎಂದು ನೀವು ಅದರ ಪರವಾಗಿ ಹೇಳಿ, ನೀರು ಕೊಡಿ. ಮಾತೇ ಬಾರದ ಮಗುವಿಗೆ ಚಿತ್ರ ತೋರಿಸಿ ಕೇಳುವುದನ್ನು ಕಲಿಸಿದರೆ ಮಾತು ನಿಂತುಹೋಗುತ್ತದೆ ಎಂಬ ಭಯವಿದೆ. ಹಾಗಾಗುವುದಿಲ್ಲ. ಕೆಲವರಿಗೆ ಚಿತ್ರವೇ ಮಾತಿಗೆ ಮೆಟ್ಟಿಲಾಗುತ್ತದೆ, ಕೆಲವರಿಗೆ ಜೀವನಪೂರ್ತಿ ಚಿತ್ರವೇ ಮಾತು.

ಎಲ್ಲಿಗೆ ಹೋಗಬೇಕು? ಮೊದಲು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರ. ಡಿಇಐಸಿ ಎಂದು ಕೇಳಿದರೆ ಜಿಲ್ಲಾಸ್ಪತ್ರೆಯಲ್ಲಿ ತೋರಿಸುತ್ತಾರೆ, ಸೇವೆ ಉಚಿತ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಶ್ರವಣ ಪರೀಕ್ಷೆಯಿಂದ ಹಿಡಿದು ತರಬೇತಿಯವರೆಗೆ ಒಂದೇ ಆವರಣದಲ್ಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ವಾಕ್ ತಜ್ಞೆ ಡಾ. ಪ್ರತಿಭಾ ಕಾರಂತ ಅವರು ಬೆಂಗಳೂರಿನಲ್ಲಿ ರೂಪಿಸಿದ ಕಾಮ್ ಡೀಲ್ ಎಂಬ ಕಾರ್ಯಕ್ರಮ ನಮ್ಮ ದೇಶದ ಪರಿಸ್ಥಿತಿಗೆ ಹೊಂದುವಂತೆ ಸಣ್ಣ ಗುಂಪುಗಳಲ್ಲಿ, ಪೋಷಕರನ್ನು ಜೊತೆಗಿಟ್ಟುಕೊಂಡು, ಮಕ್ಕಳನ್ನು ಶಾಲೆಗೆ ಸಿದ್ಧಪಡಿಸುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಸೇರಿದೆ, ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ ಒಂದು ಲಕ್ಷದವರೆಗೆ ರಕ್ಷಣೆಯಿದೆ. ಆಟಿಸಂ ಇದೆ ಎಂಬ ಕಾರಣಕ್ಕೆ ಶಾಲೆಗೆ ಸೇರಿಸಿಕೊಳ್ಳುವುದಿಲ್ಲ ಎನ್ನಲು ಅವಕಾಶವಿಲ್ಲ. ಎನ್ನುತ್ತಾರೆ, ಅದು ಬೇರೆ ಮಾತು.

ಎಲ್ಲಿಗೆ ಹೋಗಬಾರದು ಎಂಬುದನ್ನೂ ಹೇಳಿಬಿಡುತ್ತೇನೆ. ಆಟಿಸಂ ವಾಸಿ ಮಾಡುತ್ತೇವೆ ಎಂದು ಬರೆದ ಬೋರ್ಡಿನ ಕೆಳಗೆ ಹೋಗಬೇಡಿ. ಸ್ಟೆಮ್ ಸೆಲ್ ಚಿಕಿತ್ಸೆ, ಅಂದರೆ ಆಕರ ಕೋಶಗಳನ್ನು ದೇಹಕ್ಕೆ ಸೇರಿಸುವುದು, ಎಂದು ಲಕ್ಷಾಂತರ ರೂಪಾಯಿ ಕೇಳುವವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ರಕ್ತಕ್ಕೆ ಸಂಬಂಧಿಸಿದ ಕೆಲವು ರೋಗಗಳನ್ನು ಬಿಟ್ಟರೆ ಉಳಿದದ್ದಕ್ಕೆ ಅದನ್ನು ಅನುಮೋದಿತ ಪ್ರಯೋಗದ ಹೊರಗೆ ಬಳಸುವಂತಿಲ್ಲ. ಹೊಲ ಮಾರುವ ಮುಂಚೆ ಯಾರನ್ನಾದರೂ ಕೇಳಿ.

ಸಭಿಕರ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತೇನೆ.

ಒಬ್ಬ ತಂದೆ ಕೇಳಿದರು: “ಮೇಡಂ, ಮಗನಿಗೆ ಐದೂವರೆ. ನಾವು ತಡ ಮಾಡಿದೆವು. ಇನ್ನು ಪ್ರಯೋಜನವಿಲ್ಲವೇ?” ಬೇಗ ಬೇಗ ಎಂದು ನಾವು ಕೂಗುವುದರ ಕೆಟ್ಟ ಪರಿಣಾಮ ಇದು. ಎಳೆಯ ಮಿದುಳು ಹೆಚ್ಚು ಸುಲಭವಾಗಿ ಬಾಗುತ್ತದೆ ಎಂಬುದು ನಿಜ, ಐದು ತುಂಬಿದ ದಿನ ಬಾಗಿಲು ಮುಚ್ಚುತ್ತದೆ ಎಂಬುದು ಸುಳ್ಳು. ಐದು, ಆರು ವರ್ಷ ದಾಟಿದ ಮೇಲೆ ಮಾತು ಕಲಿತ ಮಕ್ಕಳಿದ್ದಾರೆ. ಇವತ್ತು ಶುರು ಮಾಡಿ ಎಂದು ಹೇಳಿದೆ.

ಅಮೆರಿಕದಿಂದ ಬಾಣಂತನಕ್ಕೆಂದು ಊರಿಗೆ ಬಂದಿದ್ದ ಒಬ್ಬ ಹೆಣ್ಣುಮಗಳು ದೊಡ್ಡ ಮಗುವಿನ ಬಗ್ಗೆ ಕೇಳಿದಳು: ಕನ್ನಡ ಬಿಟ್ಟು ಇಂಗ್ಲಿಷ್ ಒಂದನ್ನೇ ಮಾತಾಡಿ, ಎರಡು ಭಾಷೆಯಾದರೆ ಮಗುವಿಗೆ ಗೊಂದಲ ಎಂದು ಅಲ್ಲಿ ಯಾರೋ ಹೇಳಿದ್ದರಂತೆ. ಬೆಂಗಳೂರಿನಲ್ಲೂ ಈ ಸಲಹೆ ಧಾರಾಳವಾಗಿ ಸಿಗುತ್ತದೆ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳ ಭಾಷೆಗೆ ಹಾನಿಯಾಗುತ್ತದೆ ಎಂದು ಅಧ್ಯಯನಗಳು ತೋರಿಸಿಲ್ಲ. ಆಗುವ ಹಾನಿ ಬೇರೆಯದು. ಅಜ್ಜಿಗೆ ಇಂಗ್ಲಿಷ್ ಬಾರದು; ಅಮ್ಮನಿಗೆ ಬಂದರೂ ಮುದ್ದು ಮಾಡುವುದು, ರೇಗುವುದು, ಲಾಲಿ ಹಾಡುವುದು ಕನ್ನಡದಲ್ಲಿ. ಆ ಮನೆಯಲ್ಲಿ ಕನ್ನಡ ನಿಲ್ಲಿಸಿದರೆ ಮಗುವಿನೊಂದಿಗೆ ಆಡುವ ಮಾತೇ ಅರ್ಧಕ್ಕರ್ಧ ನಿಲ್ಲುತ್ತದೆ. ನಿಮಗೆ ನಿದ್ದೆಗಣ್ಣಿನಲ್ಲೂ ಬರುವ ಭಾಷೆಯಲ್ಲೇ ಮಾತಾಡಿ ಎಂದೆ.

ಕೊನೆಯದು ಅಂಗನವಾಡಿ ಕಾರ್ಯಕರ್ತೆಯೊಬ್ಬರದು. “ಮೇಡಂ, ನಿಮ್ಮ ಮಗುವಿಗೆ ಹೀಗಿರಬಹುದು ಎಂದರೆ ಮನೆಯವರು ಜಗಳಕ್ಕೆ ಬರುತ್ತಾರೆ. ನಾಳೆ ಆ ಬೀದಿಯಲ್ಲಿ ನಾವು ಓಡಾಡಬೇಕಲ್ಲ?” ಸರಿಯಾದ ಪ್ರಶ್ನೆ. ನಾನು ಹೇಳಿದೆ: ನೋಡಿ ಅಕ್ಕಾ, ಆಟಿಸಂ ಎಂಬ ಮಾತನ್ನೇ ನೀವು ಎತ್ತಬೇಡಿ. ಅದನ್ನು ತೀರ್ಮಾನಿಸುವುದು ನಿಮ್ಮ ಕೆಲಸವೂ ಅಲ್ಲ, ಜವಾಬ್ದಾರಿಯೂ ಅಲ್ಲ. ಕಂಡದ್ದನ್ನಷ್ಟೇ ಹೇಳಿ. ಕರೆದರೆ ತಿರುಗುವುದಿಲ್ಲ, ಬೆರಳು ಮಾಡಿ ತೋರಿಸುವುದಿಲ್ಲ, ಕಿವಿ ಒಮ್ಮೆ ಪರೀಕ್ಷೆ ಮಾಡಿಸಿಕೊಂಡು ಬರೋಣ ಎನ್ನಿ. ಸುಳ್ಳೇನಲ್ಲ, ನಾವು ಮೊದಲು ಮಾಡುವುದು ಅದನ್ನೇ. ಕಿವಿ ಪರೀಕ್ಷೆ ಬೇಡ ಎಂದು ಜಗಳಕ್ಕೆ ನಿಂತ ಅತ್ತೆಯನ್ನು ನಾನಂತೂ ಕಂಡಿಲ್ಲ. ಹೋಗುವಾಗ ತಾಯಿ ಕಾರ್ಡ್ ಒಯ್ಯಲು ಹೇಳಿ, ಮಗು ಮನೆಯಲ್ಲಿ ಆಡುವುದನ್ನು ಎರಡು ನಿಮಿಷ ವಿಡಿಯೊ ಮಾಡಿಕೊಂಡು ಹೋಗಲು ಹೇಳಿ, ಆಸ್ಪತ್ರೆಯ ಗದ್ದಲದಲ್ಲಿ ಮಗು ಮನೆಯಲ್ಲಿದ್ದಂತೆ ಇರುವುದಿಲ್ಲ. ಸೋಮವಾರ ಮಾತ್ರ ಕಳಿಸಬೇಡಿ, ಅವತ್ತು ನಮ್ಮಲ್ಲಿ ಕಾಲಿಡಲು ಜಾಗವಿರುವುದಿಲ್ಲ.